ಸೀಗಡಿ ಟ್ಯಾಂಕಿಗೆ ಗಿಡ ತರುವ ಮೊದಲು ನಮ್ಮ ನೀರು, ನಮ್ಮ ಬಿಸಿಲು ನೋಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಅಕ್ವೇರಿಯಂ ಒಳಗೆ ಜೀವಂತ ಗಿಡ ಬೆಳೆಸುವ ಬಗ್ಗೆ ಬಂದ ಬರಹವನ್ನು ನಾನೂ ಓದಿದೆ, ಎಂಟನೇ ಕ್ಲಾಸಿನಲ್ಲಿರುವ ನನ್ನ ಮಗಳೂ ಓದಿದಳು. ಕನ್ನಡದಲ್ಲಿ ಇಂಥದ್ದು ಬರುವುದೇ ಅಪರೂಪ. ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಅದರ ಕೊನೆಯಲ್ಲಿ ಒಂದು ಸಾಲಿತ್ತು, ಸೀಗಡಿ ಸಾಕುವವರೂ ಇದೇ ಗಿಡಗಳನ್ನು ಹಾಕಬಹುದು ಅಂತ. ಆ ಒಂದು ಸಾಲಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಫೋಟೊದಲ್ಲಿದ್ದ ಆ ಹುಲ್ಲುಹಾಸಿನಂಥ ಗಿಡ, ಕೆಂಪು ಎಲೆಯ ಗಿಡ, ಪಕ್ಕದಲ್ಲಿ ನಿಂತಿದ್ದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇವನ್ನೆಲ್ಲ ನೋಡಿ ವಿಜಯಪುರದಲ್ಲೋ ಇಂಡಿ ಪಟ್ಟಣದಲ್ಲೋ ಒಬ್ಬ ಹುಡುಗ ಕೂಡಿಟ್ಟ ದುಡ್ಡು ಸುರಿದು ತಂದರೆ, ಗಿಡವೂ ಹೋಗುತ್ತದೆ, ಸೀಗಡಿಯೂ ಹೋಗುತ್ತದೆ. ನಮ್ಮ ಮನೆಯಲ್ಲಿ ಹೋಗಿವೆ.

ನಮ್ಮದು ಎರಡು ಅಡಿ ಉದ್ದದ ಟ್ಯಾಂಕ್. ಸಾಕಿರುವುದು ಚೆರ್ರಿ ಶ್ರಿಂಪ್, ತೈವಾನ್ ಮತ್ತು ಚೀನಾ ಕಡೆಯ ಸಿಹಿನೀರಿನ ಕೆಂಪು ಸೀಗಡಿ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಇರುತ್ತದೆ, ಅಷ್ಟೇ. ಹತ್ತು ತಂದದ್ದು ಒಂದು ವರ್ಷದಲ್ಲಿ ನಲವತ್ತು ದಾಟಿತ್ತು. ಒಂದು ಸಂಜೆ ಅಂಗಡಿಯಿಂದ ಒಂದು ಕಟ್ಟು ಹೊಸ ಗಿಡ ತಂದು, ನಳದ ಕೆಳಗೆ ಹಿಡಿದು ತೊಳೆದು, ಹಾಗೇ ನೆಟ್ಟೆವು. ಬೆಳಿಗ್ಗೆ ಮಗಳು ಬಂದು ನನ್ನನ್ನು ಎಬ್ಬಿಸಿದಳು. "ಅಪ್ಪಾ, ಒಂದೂ ಅಳ್ಳಾಡವಲ್ವು." ಹೋಗಿ ನೋಡಿದರೆ ಕೆಲವು ಬೆನ್ನಡಿಯಾಗಿ ಬಿದ್ದು ಕಾಲು ಮಾತ್ರ ಆಡಿಸುತ್ತಿದ್ದವು, ಉಳಿದವು ಸತ್ತೇ ಹೋಗಿದ್ದವು. ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನೀರು ಕೆಟ್ಟಿರಬೇಕು ಅಂತ ಮೊದಲು ಅಂದುಕೊಂಡೆ. ಆದರೆ ಅದೇ ಟ್ಯಾಂಕಿನ ನೀರು ತುಂಬಿ ಆರು ಮರಿಗಳನ್ನು ಒಂದು ಗಾಜಿನ ಭರಣಿಯಲ್ಲಿ ಬೇರೆ ಇಟ್ಟಿದ್ದೆವು, ಅವಕ್ಕೆ ಏನೂ ಆಗಿರಲಿಲ್ಲ. ಆ ಭರಣಿಗೆ ಹೋಗದೆ ಟ್ಯಾಂಕಿಗೆ ಮಾತ್ರ ಹೋದದ್ದು ಆ ಗಿಡ. ಅಂಗಡಿಯವರನ್ನು ಕೇಳಿದರೆ, ಅದೇ ಗಿಡ ನಮ್ಮ ಮೀನಿನ ಟ್ಯಾಂಕಿನಲ್ಲೂ ಇದೆ, ಮೀನು ಚೆನ್ನಾಗಿವೆಯಲ್ಲ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ನನಗೆ ವಿಷಯ ತಿಳಿದದ್ದು ತಿಕೋಟಾದ ಹತ್ತಿರ ದ್ರಾಕ್ಷಿ ತೋಟ ಮಾಡುವ ನನ್ನ ತಮ್ಮನಿಂದ. "ಅಣ್ಣಾ, ಹುಳಕ್ಕ ಹೊಡಿಯೋ ಎಣ್ಣಿ ಮೀನಕ್ಕ ತಡೀಬಹುದು, ಸೀಗಡಿಗೆ ತಡಿಯಂಗಿಲ್ಲ. ಅದೂ ಹುಳದ ಜಾತಿನ ಅಲ್ಲೇನು?" ಅಂದ. ಸರಿಯಾದ ಮಾತು. ಸೀಗಡಿ, ಏಡಿ, ಕೀಟ ಎಲ್ಲವೂ ಕೀಲುಗಾಲಿನ ಜೀವಿಗಳು. ಕೀಟದ ನರಕ್ಕೆ ತಾಕುವ ಔಷಧಿ ಸೀಗಡಿಯ ನರಕ್ಕೂ ತಾಕುತ್ತದೆ, ಅದೂ ಬಹಳ ಕಡಿಮೆ ಪ್ರಮಾಣದಲ್ಲೇ. ಅಂಗಡಿಗೆ ಬರುವ ಎಷ್ಟೋ ಗಿಡಗಳನ್ನು ನರ್ಸರಿಯಲ್ಲಿ ನೀರಿನ ಮೇಲೆ, ಗಾಳಿಯಲ್ಲೇ ಬೆಳೆಸುತ್ತಾರೆ. ಅಲ್ಲಿ ಹುಳ ಬೀಳಬಾರದೆಂದು ಎಣ್ಣೆ ಹೊಡೆದಿರಬಹುದು. ಎಲೆಯಲ್ಲಿ ಉಳಿದ ಆ ಎಣ್ಣೆ ನಳದ ಕೆಳಗೆ ಎರಡು ನಿಮಿಷ ಹಿಡಿದರೆ ಹೋಗುವುದಿಲ್ಲ.

ಅಂದಿನಿಂದ ಹೊಸ ಗಿಡ ಬಂದರೆ ಮೊದಲು ಬಕೆಟ್ಟಿಗೆ. ಎರಡರಿಂದ ಮೂರು ವಾರ ಅಲ್ಲೇ ಇರಬೇಕು. ಎರಡು ಮೂರು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ಹೊಸ ನೀರು ಹಾಕುತ್ತೇವೆ. ಆಮೇಲೆ ಅದೇ ಬಕೆಟ್ಟಿಗೆ ಎರಡು ಸೀಗಡಿ ಬಿಟ್ಟು ನಾಲ್ಕು ದಿನ ನೋಡುತ್ತೇವೆ. ಅವು ಓಡಾಡಿಕೊಂಡು ಎಲೆ ಕೆರೆದು ತಿನ್ನುತ್ತಿದ್ದರೆ ಮಾತ್ರ ಗಿಡ ಟ್ಯಾಂಕಿಗೆ ಹೋಗುತ್ತದೆ. ಕೆಲವು ಕಡೆ ಸಣ್ಣ ಡಬ್ಬಿಯಲ್ಲಿ ಜೆಲ್ ಒಳಗೆ ಬೆಳೆಸಿದ ಟಿಶ್ಯೂ ಕಲ್ಚರ್ ಗಿಡ ಸಿಗುತ್ತದೆ. ಬೆಲೆ ಜಾಸ್ತಿ, ಆದರೆ ಅದರಲ್ಲಿ ಎಣ್ಣೆಯೂ ಇರುವುದಿಲ್ಲ, ಬಸವನಹುಳದ ಮೊಟ್ಟೆಯೂ ಇರುವುದಿಲ್ಲ. ಜೆಲ್ ತೊಳೆದು ನೇರವಾಗಿ ನೆಡಬಹುದು.

ಇನ್ನೊಂದು ಮಾತು ನಮ್ಮ ಜಿಲ್ಲೆಯವರಿಗೇ ಹೇಳಬೇಕು. ದ್ರಾಕ್ಷಿ ತೋಟದವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ, ಬಳ್ಳಿಯ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸಲು. ಅದರಲ್ಲಿರುವುದು ತಾಮ್ರ. ಸೀಗಡಿಯ ರಕ್ತದಲ್ಲೇ ತಾಮ್ರ ಇದೆ, ನಮ್ಮ ರಕ್ತದಲ್ಲಿ ಕಬ್ಬಿಣ ಇದ್ದ ಹಾಗೆ. ಆದರೆ ನೀರಿನಲ್ಲಿ ಸ್ವಲ್ಪ ಹೆಚ್ಚಾದರೂ ಅದೇ ತಾಮ್ರ ಅವನ್ನು ಕೊಲ್ಲುತ್ತದೆ. ಸಿಂಪಡಣೆಗೆ ಬಳಸಿದ ಬಕೆಟ್, ಮಗ್ಗು ಯಾವುದನ್ನೂ ಟ್ಯಾಂಕಿನ ಹತ್ತಿರ ತರಬೇಡಿ. ತೋಟದಿಂದ ಬಂದವರು ಸೋಪು ಹಚ್ಚಿ ಕೈ ತೊಳೆಯದೆ ನೀರಿಗೆ ಕೈ ಹಾಕುವುದು ಬೇಡ. ಗಿಡಕ್ಕೆ ಹಾಕುವ ಗೊಬ್ಬರದ ಬಾಟಲಿಯ ಮೇಲೂ ತಾಮ್ರ ಎಷ್ಟಿದೆ ಅಂತ ಓದಿ. ಬಸವನಹುಳ ಕೊಲ್ಲುವ ಔಷಧಿಯನ್ನಂತೂ ಸೀಗಡಿ ಇರುವ ಟ್ಯಾಂಕಿಗೆ ಹಾಕಲೇಬಾರದು, ಅವುಗಳಲ್ಲಿ ಹಲವು ತಾಮ್ರದವೇ.

ಈಗ ಯಾವ ಗಿಡ ಅನ್ನುವ ಪ್ರಶ್ನೆ. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಎಲ್ಲರಿಗೂ ಗೊತ್ತು. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತದೆ. ನನ್ನ ಚಿಕ್ಕ ಮೀಟರ್‌ನಲ್ಲಿ ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, 900 ದಾಟುತ್ತದೆ, ಕೃಷ್ಣೆಯಿಂದ ಬರುವ ನಳದ ನೀರು ಅದರ ಅರ್ಧವೂ ಇಲ್ಲ. ಹಾಗಾಗಿ ನಳದ ನೀರನ್ನೇ ಹಿಡಿದು, ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಹಾಕುತ್ತೇವೆ. ಸ್ವಲ್ಪ ಗಡಸು ಇದ್ದರೆ ಚೆರ್ರಿ ಸೀಗಡಿಗೆ ಒಳ್ಳೆಯದೇ. ಪೊರೆ ಬಿಟ್ಟು ಹೊಸ ಚಿಪ್ಪು ಕಟ್ಟಿಕೊಳ್ಳಲು ಅದಕ್ಕೆ ಸುಣ್ಣದಂಶ ಬೇಕು. ಫೋಟೊದಲ್ಲಿದ್ದ ಗಿಡಗಳಿಗೆ ಬೇಕಾದದ್ದು ಬೇರೆ: ಮೆದು ನೀರು, ಜೋರು ಬೆಳಕು, ಸಿಲಿಂಡರ್ ಗ್ಯಾಸ್.

ಗಡಸು ನೀರಿನಲ್ಲಿ ಕೆಲವು ಗಿಡ ಯಾಕೆ ಚೆನ್ನಾಗಿ ಬರುತ್ತವೆ ಅನ್ನುವುದನ್ನು ತಿಳಿದಾಗ ನನಗೆ ಬಹಳ ಖುಷಿಯಾಯಿತು. ಗಿಡಕ್ಕೆ ಇಂಗಾಲ ಬೇಕು, ಅದಕ್ಕೇ ಆ ಸಿಲಿಂಡರ್. ಆದರೆ ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಹೈಡ್ರಿಲ್ಲಾದಂಥ ಗಿಡಗಳು ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟನ್ನೇ ಒಡೆದು ಅದರಿಂದ ಇಂಗಾಲ ತೆಗೆದುಕೊಳ್ಳುತ್ತವೆ. ಅಂದರೆ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವ ನೀರೇ ಇವಕ್ಕೆ ಊಟ ಹಾಕುತ್ತದೆ! ಇವು ನಮ್ಮ ದೇಶದ ಕೆರೆಗಳಲ್ಲೇ ಬೆಳೆಯುವ ಗಿಡಗಳು. ವ್ಯಾಲಿಸ್ನೇರಿಯಾ ಉದ್ದ ರಿಬ್ಬನ್ನಿನ ಹಾಗೆ ಬೆಳೆದು, ಬಳ್ಳಿ ಬಿಟ್ಟು ಪಕ್ಕಪಕ್ಕಕ್ಕೆ ಹಬ್ಬುತ್ತದೆ. ಹಾರ್ನ್‌ವರ್ಟ್‌ಗೆ ಬೇರೇ ಇಲ್ಲ, ಸುಮ್ನೆ ತೇಲಿಬಿಟ್ಟರೆ ಸಾಕು, ಸೀಗಡಿಯ ಹೊಲಸಿನಿಂದ ಬರುವ ಅಮೋನಿಯಾ, ನೈಟ್ರೇಟ್ ಎಲ್ಲ ಹೀರಿಕೊಂಡು ಬೆಳೆಯುತ್ತದೆ.

ಹಾಗಂತ ಕೆರೆಗೆ ಹೋಗಿ ಕಿತ್ತು ತರಬೇಡಿ. ಅದರ ಜೊತೆ ಜಿಗಣೆ ಬರುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿ ಬರುತ್ತದೆ. ನೀರಿನೊಳಗೆ ಬೆಳೆಯುವ ಆ ಮರಿ ಸೀಗಡಿಯನ್ನು ಹಿಡಿದು ತಿನ್ನುತ್ತದೆ. ಹೊಲದಿಂದ ಹರಿದು ಬಂದ ಎಣ್ಣೆಯೂ ಇರಬಹುದು.

ಒಂದೇ ಗಿಡ ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಜಾವಾ ಮಾಸ್ ಅನ್ನುತ್ತೇನೆ. ನೋಡಲು ಮಳೆಗಾಲದಲ್ಲಿ ಹಳೆಯ ಗೋಡೆಯ ಮೇಲೆ ಬೆಳೆಯುವ ಹಾವಸೆಯ ಹಾಗಿರುತ್ತದೆ. ಮಣ್ಣು ಬೇಡ, ಗೊಬ್ಬರ ಬೇಡ, ಕಿಟಕಿಯ ಬೆಳಕೂ ಸಾಕು. ಒಂದು ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿ ಮುಳುಗಿಸಿದರೆ ಆಯಿತು. ಸೀಗಡಿ ನಿಜವಾಗಿ ತಿನ್ನುವುದು ಗಿಡವನ್ನಲ್ಲ, ಗಿಡದ ಮೇಲೆ ಕೂರುವ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಳೆ ಪದರವನ್ನು. ಬ್ಯಾಕ್ಟೀರಿಯಾ, ಸಣ್ಣ ಪಾಚಿ ಎಲ್ಲ ಸೇರಿದ ಪದರ ಅದು. ಜಾವಾ ಮಾಸ್‌ನ ಎಳೆಗಳು ಅಷ್ಟು ಸಣ್ಣ ಮತ್ತು ಅಷ್ಟು ಒತ್ತಾಗಿರುವುದರಿಂದ ಒಂದು ಹಿಡಿಯಲ್ಲೇ ಮೇಯಲು ಒಂದು ಹೊಲದಷ್ಟು ಜಾಗ ಸಿಗುತ್ತದೆ. ತಾಯಿ ಸೀಗಡಿ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯ ಕೆಳಗೆ ಅವುಚಿಕೊಂಡು, ಮೂರು ನಾಲ್ಕು ವಾರ ಕಾಲಿನಿಂದ ಗಾಳಿ ಹಾಕುತ್ತಾ ತಿರುಗುತ್ತದೆ. ಹೊರಬರುವ ಮರಿ ಎರಡು ಮಿಲಿಮೀಟರ್ ಇರುತ್ತದೆ, ಥೇಟ್ ತಾಯಿಯದೇ ರೂಪ. ಆ ಮರಿ ಮೊದಲ ದಿನಗಳಲ್ಲಿ ಊಟ ಹುಡುಕಿಕೊಂಡು ದೂರ ಹೋಗಲಾರದು. ಅದು ಹುಟ್ಟಿದ ಕಡೆಯಲ್ಲೇ ಮಾಸ್ ಇದ್ದರೆ ಬದುಕುತ್ತದೆ. ಮಗಳು ಸಣ್ಣ ಟಾರ್ಚ್ ಹಿಡಿದು ರಾತ್ರಿ ಆ ಎಳೆಗಳ ನಡುವೆ ಮರಿ ಎಣಿಸುವುದನ್ನು ನೀವು ನೋಡಬೇಕು.

ಜಾವಾ ಫರ್ನ್ ಮತ್ತು ಅನುಬಿಯಸ್ ಕೂಡ ಧೈರ್ಯವಾಗಿ ತರಬಹುದು. ಇವುಗಳಿಗೆ ಅರಿಶಿನದ ಕೊಂಬಿನಂಥ ಒಂದು ದಪ್ಪ ಗಂಟು ಇರುತ್ತದೆ, ಅದನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ, ಕಲ್ಲಿಗೆ ಕಟ್ಟಿದರೆ ವರ್ಷಗಟ್ಟಲೆ ಬಾಳುತ್ತದೆ. ಕ್ರಿಪ್ಟೊಕೊರೈನ್ ತಂದವರು ಮೊದಲ ವಾರಗಳಲ್ಲಿ ಎಲೆ ಕರಗಿತೆಂದು ಕಿತ್ತು ಬಿಸಾಡಬೇಡಿ, ಬೇರು ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಈ ಸೀಗಡಿಗೆ ಹಿತವಾದದ್ದು 20ರಿಂದ 26 ಡಿಗ್ರಿಯ ನೀರು, 30 ದಾಟಿದರೆ ಕಷ್ಟ ಶುರು. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಡುತ್ತದೆ, 30ಕ್ಕೆ ಅದು ಏಳೂವರೆಗೆ ಇಳಿಯುತ್ತದೆ. ಗಿಡಗಳು ಹಗಲು ಆಕ್ಸಿಜನ್ ಕೊಟ್ಟರೂ ರಾತ್ರಿ ಅವೂ ಉಸಿರಾಡುತ್ತವೆ, ಸೀಗಡಿಯ ಪಾಲಿನದನ್ನೇ ತೆಗೆದುಕೊಳ್ಳುತ್ತವೆ. ಅದರ ಮೇಲೆ ಸಿಲಿಂಡರ್ ಗ್ಯಾಸನ್ನು ರಾತ್ರಿಯೂ ಬಿಟ್ಟು, ಕರೆಂಟ್ ಹೋಗಿ ಫಿಲ್ಟರ್ ನಿಂತರೆ ಬೆಳಗಾಗುವುದರೊಳಗೆ ಏನಾಗುತ್ತದೆ ಯೋಚಿಸಿ. ಅದಕ್ಕೇ ನಮ್ಮ ಊರಿನಲ್ಲಿ ಸೀಗಡಿ ಟ್ಯಾಂಕಿಗೆ ಆ ಸಿಲಿಂಡರ್ ಬೇಡವೇ ಬೇಡ ಅನ್ನುತ್ತೇನೆ. ಬೇಸಿಗೆಯಲ್ಲಿ ನಾವು ಟ್ಯಾಂಕಿನ ಮುಚ್ಚಳ ತೆಗೆದು ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬಿಡುತ್ತೇವೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ಹಾಗೆಯೇ ಇದು, ನಮ್ಮ ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪಿನಂಶ ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಬೋರ್‌ವೆಲ್ ನೀರಿನಿಂದ ತುಂಬುತ್ತಾ ಹೋದರೆ ಒಂದು ತಿಂಗಳಲ್ಲಿ ಟ್ಯಾಂಕ್ ಸವಳಾಗುತ್ತದೆ. ಕಾಯಿನ್ ಹಾಕಿ ಕ್ಯಾನಿನಲ್ಲಿ ತರುತ್ತೇವಲ್ಲ, ಆ ಫಿಲ್ಟರ್ ನೀರನ್ನು ಇದಕ್ಕೆ ಬಳಸಿ.

ತೇಲುವ ಗಿಡಗಳೂ ಬೇಸಿಗೆಗೆ ಒಳ್ಳೆಯವು. ಅಂತರಗಂಗೆ, ಸಾಲ್ವಿನಿಯಾ ನೆರಳು ಕೊಡುತ್ತವೆ, ಕೆಳಗೆ ಇಳಿಬಿದ್ದ ಬೇರಿಗೆ ಸೀಗಡಿಗಳು ಜೋತುಬಿದ್ದು ಮೇಯುತ್ತವೆ. ಅರ್ಧ ಟ್ಯಾಂಕಿಗಿಂತ ಜಾಸ್ತಿ ಮುಚ್ಚಲು ಬಿಡಬೇಡಿ. ಮತ್ತು ಹೆಚ್ಚಾದದ್ದನ್ನು ದಯವಿಟ್ಟು ಭೂತನಾಳ ಕೆರೆಗಾಗಲಿ ಬೇಗಂ ತಲಾಬಿಗಾಗಲಿ ಚೆಲ್ಲಬೇಡಿ, ಚರಂಡಿಗೂ ಬೇಡ. ಬೇಗಂ ತಲಾಬ್ ಅಂದರೆ ಆದಿಲ್‌ಶಾಹಿ ಕಾಲದಲ್ಲಿ ಊರಿಗೆ ನೀರು ಕೊಡಲು ಕಟ್ಟಿದ ಕೆರೆ, ಒಂದು ಹಿಡಿ ಗಿಡ ಸಾಕು ಅದರ ಮೈ ಮುಚ್ಚಲು. ಸಾಲ್ವಿನಿಯಾದ ಒಂದು ಜಾತಿ ಬ್ರೆಜಿಲ್‌ನಿಂದ ಬಂದು ಕೇರಳದ ಹಿನ್ನೀರು, ಗದ್ದೆಗಳನ್ನು ಹೇಗೆ ಮುಚ್ಚಿತು ಅನ್ನುವುದು ಗೊತ್ತಿರುವ ಕಥೆ. 1980ರ ದಶಕದಲ್ಲಿ ಅದನ್ನು ತಿನ್ನುವ ಒಂದು ಸಣ್ಣ ಸೊಂಡಿಲು ಹುಳವನ್ನು ವಿದೇಶದಿಂದ ತರಿಸಿ, ಮೊದಲು ಬೆಂಗಳೂರಿನ ಒಂದು ಕೊಳದಲ್ಲಿ ಬಿಟ್ಟು ನೋಡಬೇಕಾಯಿತು. ನಮ್ಮ ಮನೆಯಲ್ಲಿ ಹೆಚ್ಚಾದ ಗಿಡವನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿ, ಪೂರ್ತಿ ಒಣಗಿದ ಮೇಲೆ ಕುಂಡದ ತುಳಸಿಗೆ, ಮಲ್ಲಿಗೆಗೆ ಹಾಕುತ್ತೇವೆ.

ಅಂಗಡಿಯವರಿಗೆ ನನ್ನದೊಂದು ವಿನಂತಿ. ಗಿಡ ಬಂದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಸೀಗಡಿಗೆ ಅಂತ ಕೇಳಿ ಬಂದವರಿಗೆ ಬಕೆಟ್ಟಿನಲ್ಲಿ ಇಡಬೇಕೆಂದು ಬಾಯಲ್ಲಿ ಹೇಳಿದರೂ ಸಾಕು. ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳಿಕೆ. ಆ ಬರಹದ ಮುಂದಿನ ಭಾಗ ತರುವುದಾದರೆ ನಮ್ಮ ಕಡೆಯ ನೀರು, ನಮ್ಮ ಕಡೆಯ ಬಿಸಿಲನ್ನು ಲೆಕ್ಕಕ್ಕೆ ಹಿಡಿದು ಬರೆಸಿ, ಮತ್ತು ಅದನ್ನು ಮಾರ್ಚ್ ಮುಗಿಯುವುದರೊಳಗೆ ಹಾಕಿ. ಶಾಲೆಗೆ ರಜೆ ಬಿದ್ದಾಗಲೇ ಮಕ್ಕಳು ಟ್ಯಾಂಕ್ ಬೇಕು ಅಂತ ಹಟ ಹಿಡಿಯುವುದು, ಇಲ್ಲಿ ನೀರು ಕಾಯುವುದೂ ಆಗಲೇ.

ಇಂತಿ,
ನಿಮ್ಮ ಓದುಗ
ವಿಜಯಪುರ