ಮಗಳಿಗೊಂದು ಪತ್ರ: ನೀನು ಕೇಳಿದ ಹತ್ತು ಸಿನಿಮಾ

ಪ್ರೀತಿಯ ಪುಟ್ಟೀ,

"ಅಮ್ಮಾ, ನಿಂಗೆ ತುಂಬಾ ಇಷ್ಟವಾದ ಹತ್ತು ಕನ್ನಡ ಸಿನಿಮಾ ಯಾವ್ದು? ಒಂದು, ಎರಡು ಅಂತ ನಂಬರ್ ಹಾಕಿ ಕಳಿಸು" ಎಂದು ನೀನು ಫೋನಿನಲ್ಲಿ ಕೇಳಿದೆಯಲ್ಲ, ಅವತ್ತೇ ಕಳಿಸಬಹುದಿತ್ತು. ಹೆಸರುಗಳೆಲ್ಲ ನಾಲಿಗೆಯ ಮೇಲೇ ಇದ್ದವು. ಆದರೆ ಅವುಗಳಲ್ಲಿ ಹೆಚ್ಚಿನವನ್ನು ನೋಡಿ ಎಷ್ಟೋ ವರ್ಷವಾಗಿದೆ. ಮನಸ್ಸಿನಲ್ಲಿ ಉಳಿದಿರುವುದು ಸಿನಿಮಾವೋ, ಗೆಳತಿಯರ ಜೊತೆ ಅದನ್ನು ನೋಡಿದ ದಿನದ ಖುಷಿಯೋ, ರೇಡಿಯೋದಲ್ಲಿ ಸಾವಿರ ಸಲ ಕೇಳಿದ ಹಾಡೋ ಬಿಡಿಸಿ ಹೇಳುವುದು ಹೇಗೆ? ಅದಕ್ಕೇ ಈ ಆಟಿ ತಿಂಗಳು ಪೂರ್ತಿ ಕೂತು ಒಂದೊಂದನ್ನೇ ಮತ್ತೆ ನೋಡಿದೆ. ಮದುವೆ, ಗೃಹಪ್ರವೇಶ ಒಂದೂ ಇಲ್ಲದ ತಿಂಗಳು. ತೋಟದಲ್ಲಿ ಕಾಲಿಡಲಾಗದ ಮಳೆ. ಕರೆಂಟ್ ಇದ್ದಾಗ ಟಿವಿ, ಇಲ್ಲದಾಗ ಇನ್ವರ್ಟರ್ ಉಸಿರು ಹಿಡಿದಿರುವವರೆಗೆ. ಅಪ್ಪ ಕೆಲವಕ್ಕೆ ಜೊತೆಗೆ ಕೂತರು, ಕೆಲವಕ್ಕೆ ಅರ್ಧಕ್ಕೇ ಎದ್ದು ಮಲಗಲು ಹೋದರು.

ಒಂದೆರಡು ಕಟ್ಟುಪಾಡು ಹಾಕಿಕೊಂಡಿದ್ದೆ. ಹಾಡು ಬಂದಾಗ ಓಡಿಸಬಾರದು. ನೋಡಿದ ರಾತ್ರಿಯೇ ನಂಬರ್ ಹಾಕಬಾರದು, ಯಾಕೆಂದರೆ ಅಳಿಸಿದ್ದೆಲ್ಲ ರಾತ್ರಿ ಹೊತ್ತು ದೊಡ್ಡದಾಗಿ ಕಾಣುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಎರಡು ಸಿನಿಮಾಗಳನ್ನು ಮಾತ್ರ ಎದುರುಬದುರು ಇಟ್ಟು, ನಾಳೆ ಇವುಗಳಲ್ಲಿ ಒಂದನ್ನಷ್ಟೇ ನೋಡಲು ಸಿಗುವುದಾದರೆ ಯಾವುದು ಬೇಕು ಎಂದು ಕೇಳಿಕೊಳ್ಳುತ್ತಿದ್ದೆ. ಹತ್ತನ್ನೂ ಒಟ್ಟಿಗೆ ಸಾಲಾಗಿ ನಿಲ್ಲಿಸಲು ಹೊರಟರೆ ತಲೆ ಕೆಡುತ್ತದೆ, ಎರಡೆರಡೇ ತೂಗಿದರೆ ಉತ್ತರ ತಾನಾಗಿ ಬರುತ್ತದೆ. ಹಾಗೆ ತೂಗುತ್ತಾ ಹೋದ ಹಾಗೆ ಒಂದು ಸಂಗತಿ ಗಟ್ಟಿಯಾಯಿತು. ಹರೆಯದಲ್ಲಿ ನೋಡಿದಾಗ ಕಣ್ಣು ಯಾರ ಹಿಂದೆ ಹೋಗಿತ್ತೋ, ಈಗ ಅವರನ್ನು ಬಿಟ್ಟು ಇನ್ನೊಬ್ಬರ ಹಿಂದೆ ಹೋಗುತ್ತಿದೆ. ಹಾಗೆ ಹೋದಾಗ ಅಲ್ಲಿಯೂ ಒಂದು ಪೂರ್ತಿ ಜೀವ ಸಿಕ್ಕಿದರೆ ಆ ಸಿನಿಮಾ ಮೇಲೇರಿತು. ಅಲ್ಲಿ ಏನೂ ಇಲ್ಲವಾದರೆ, ಹಾಡು ಎಷ್ಟೇ ಚೆನ್ನಾಗಿರಲಿ, ಕೆಳಗಿಳಿಯಿತು.

ಒಂದನೆಯದು "ಶರಪಂಜರ". ಇದರಲ್ಲಿ ನನಗೆ ಸಂಶಯವೇ ಇಲ್ಲ. ಎಪ್ಪತ್ತರ ದಶಕದ ಆರಂಭದ ಸಿನಿಮಾ, ಪುಟ್ಟಣ್ಣ ಕಣಗಾಲರದು. ಕಾದಂಬರಿ ಬರೆದ ತ್ರಿವೇಣಿಯವರು 1963ರಲ್ಲೇ ತೀರಿಕೊಂಡಿದ್ದರು, ತಮ್ಮ ಕಾವೇರಿಯನ್ನು ಕಲ್ಪನಾ ಮುಖದಲ್ಲಿ ಅವರು ನೋಡಲೇ ಇಲ್ಲ. ಅದು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ. ಕಾಲೇಜಿನಲ್ಲಿದ್ದಾಗ ಮೈಸೂರಿನಲ್ಲಿ ಮೊದಲ ಸಲ ನೋಡಿದಾಗ ನಮಗೆಲ್ಲ ಬೇಕಾಗಿದ್ದದ್ದು ಕಲ್ಪನಾ ಸೀರೆ, ಕಲ್ಪನಾ ಮಾತು, "ಕೊಡಗಿನ ಕಾವೇರಿ" ಹಾಡು. ನಮ್ಮ ಊರಿನ ಹೆಸರು ತೆರೆಯ ಮೇಲೆ ಕೇಳಿದರೆ ಸೀಟಿನಲ್ಲೇ ಕುಣಿಯುವ ವಯಸ್ಸು ಅದು. ಈ ಸಲ ನಾನು ನೋಡಿದ್ದು ಗಂಡ ಸತೀಶನನ್ನು. ಅವನು ಹೊಡೆಯುವವನಲ್ಲ, ಬಯ್ಯುವವನಲ್ಲ, ಪ್ರೀತಿಸಿಯೇ ಮದುವೆಯಾದವನು. ಎರಡನೇ ಹೆರಿಗೆಯ ನಂತರ ಅವಳಿಗೆ ಬಾಣಂತಿ ಸನ್ನಿ ಆಗುತ್ತದೆ, ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಅಲ್ಲಿಂದ ಮುಂದೆ ನಗುವುದೂ ಹುಚ್ಚು, ಅಳುವುದೂ ಹುಚ್ಚು. ನೆರೆಹೊರೆಯವರು ಅವಳ ಕಡೆ ಹೇಗೆ ನೋಡುತ್ತಾರೆಂದು ಗಮನಿಸು. ಅವಳನ್ನು ಮತ್ತೆ ಕಾಯಿಲೆಗೆ ತಳ್ಳುವುದು ಆ ನೋಟ, ಮತ್ತು ಆ ನೋಟಕ್ಕೆ ಅಡ್ಡ ನಿಲ್ಲಬೇಕಾದ ಗಂಡ ಪಕ್ಕಕ್ಕೆ ಸರಿಯುವುದು. ಪುಟ್ಟಣ್ಣ ಅವನನ್ನು ಖಳನಾಯಕ ಮಾಡಲಿಲ್ಲ, ಅದೇ ಈ ಸಿನಿಮಾದ ಶಕ್ತಿ. ಅಂಥ ಮೆತ್ತನೆ ಮಾತಿನ ಗಂಡಸರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಬಾಣಂತಿ ಸನ್ನಿ ಆಗಿ ತವರಿಗೆ ಹೋದವರ ಕಥೆ ನಮ್ಮೂರಿನಲ್ಲೂ ಪಿಸುಮಾತಿನಲ್ಲಿ ಕೇಳಿದ್ದೇನೆ. ಮದ್ದು ಇರುವ, ಗುಣವಾಗುವ ಕಾಯಿಲೆ ಅದು ಎಂದು ಆಗ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ, ಈ ಸಿನಿಮಾ ಹೇಳಿತು.

ಒಂದು ಬೇಜಾರಿನ ವಿಷಯ. ಈಗ ಸಿಗುವ ಪ್ರತಿಯಲ್ಲಿ ಬಣ್ಣ ಕೆಟ್ಟಿದೆ. ಈಸ್ಟ್‌ಮನ್‌ಕಲರ್ ಫಿಲ್ಮಿನಲ್ಲಿ ನೀಲಿ ಹಸಿರಿನ ಪದರ ಬೇಗ ಮಾಸಿ ಕೆಂಪು ಉಳಿದುಬಿಡುತ್ತದೆ. ಹಾಗಾಗಿ ಆ ಕಾಲದ ಎಷ್ಟೋ ಸಿನಿಮಾಗಳಲ್ಲಿ ಬೆಟ್ಟ, ಕಾಡು ಎಲ್ಲ ಬೇಸಿಗೆಯ ಧೂಳು ಹಿಡಿದಂತೆ ಕಾಣುತ್ತವೆ. ನೀನು ನೋಡುವಾಗ ಹಸಿರನ್ನು ನೀನೇ ತುಂಬಿಕೋ, ನಿನಗೆ ಹೇಳಿಕೊಡಬೇಕಾಗಿಲ್ಲ.

ಎರಡನೆಯದು "ಘಟಶ್ರಾದ್ಧ". 1977, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, ಅನಂತಮೂರ್ತಿಯವರ ಕಥೆ. ರಾಷ್ಟ್ರಪತಿಗಳ ಸ್ವರ್ಣಕಮಲ ಬಂದದ್ದು. ಕಪ್ಪುಬಿಳುಪಿನದಾದ್ದರಿಂದ ಬಣ್ಣ ಮಾಸುವ ತೊಂದರೆ ಇದಕ್ಕಿಲ್ಲ. ಮೊದಲು ನೋಡಿದಾಗ ನನಗೆ ಯಮುನಕ್ಕ ಬಿಟ್ಟರೆ ಬೇರೆ ಯಾರೂ ಕಾಣಿಸಿರಲಿಲ್ಲ. ಗಂಡನಿಲ್ಲದ ಹುಡುಗಿ, ಬಸುರಿ, ಹುತ್ತದೊಳಗೆ ಕೈಯಿಡುವ ಆ ದೃಶ್ಯ. ಮೀನಾ ಕುಟ್ಟಪ್ಪನವರ ಮುಖ ವಾರಗಟ್ಟಲೆ ಕಾಡಿತ್ತು. ಈ ಸಲ ನಾಣಿ ಎದೆಗೆ ಬಂದ. ವೇದ ಕಲಿಯಲು ಮನೆ ಬಿಟ್ಟು ಬಂದ ಪುಟ್ಟ ಹುಡುಗ, ದೊಡ್ಡವರು ಮಾಡುವುದು ಒಂದೂ ಅರ್ಥವಾಗುವುದಿಲ್ಲ. ತನಗೆ ತಾಯಿಯಂತಿದ್ದವಳನ್ನು ಬದುಕಿರುವಾಗಲೇ ಸತ್ತವಳೆಂದು ಮಡಕೆ ಒಡೆಯುತ್ತಾರೆ, ಅವನನ್ನು ಅಪ್ಪ ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ನಾನು ಇಷ್ಟು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡಿದವಳು. ಮನೆ ಬಿಟ್ಟು ಬಂದ ಮಕ್ಕಳ ಮುಖ ನನಗೆ ಗೊತ್ತು. ಕಾಸರವಳ್ಳಿಯವರು ಕ್ಯಾಮೆರಾವನ್ನು ಅವನ ಎತ್ತರಕ್ಕೆ ಇಳಿಸಿಟ್ಟಿದ್ದಾರೆ, ಕ್ರೌರ್ಯವನ್ನು ಆ ಎತ್ತರದಿಂದ ನೋಡಿದರೆ ಇನ್ನೂ ದೊಡ್ಡದು.

"ತಬರನ ಕಥೆ"ಗೆ ಮೂರನೇ ಜಾಗ. ತೇಜಸ್ವಿಯವರ ಕಥೆ, 1986ರ ಚಿತ್ರ. ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಬಂದ ಬೇರೆ ಬೇರೆ ಭಾಷೆಯ ಸಿನಿಮಾ ಹಾಕುತ್ತಿದ್ದ ಕಾಲದಲ್ಲಿ ನೆಂಟರ ಮನೆಯಲ್ಲಿ ನೋಡಿದ್ದೆ. ನಿನ್ನ ಅಜ್ಜ ಪಿಂಚಣಿ ಕಾಗದ ಹಿಡಿದು ಆಫೀಸಿನಿಂದ ಆಫೀಸಿಗೆ ಅಲೆದದ್ದನ್ನು ಕಂಡಿದ್ದ ನನಗೆ ತಬರ ಬೇರೆಯವನಾಗಿ ಕಾಣಲಿಲ್ಲ. ಈಗ ನೋಡಿದಾಗ ಮನೆಯಲ್ಲಿ ಮಲಗಿರುವ ಅವನ ಹೆಂಡತಿ ಅಪ್ಪಿಯ ಹತ್ತಿರವೇ ಕೂತುಬಿಟ್ಟೆ. ಗಂಡ ಹೊರಗೆ ಅಲೆಯುತ್ತಾನೆ, ಅವಳ ಕಾಲು ಕೊಳೆಯುತ್ತಾ ಹೋಗುತ್ತದೆ, ಅವಳಿಗೆ ಕಾಯುವುದು ಬಿಟ್ಟು ಬೇರೆ ಏನೂ ಇಲ್ಲ. ತಬರ ಕಟುಕನ ಬಳಿ ಹೋಗಿ ಹೆಂಡತಿಯ ಕಾಲು ಕಡಿದುಕೊಡು ಎಂದು ಕೇಳುವಲ್ಲಿ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆ ರಾತ್ರಿ ನಾವಿಬ್ಬರೂ ಸಿನಿಮಾದ ಬಗ್ಗೆ ಮಾತಾಡಲಿಲ್ಲ.

ಇನ್ನು ನಿನ್ನ "ಮುಂಗಾರು ಮಳೆ". ನೀನು ಅದಕ್ಕೆ ಮೊದಲ ನಂಬರ್ ಕೊಡುತ್ತೀ ಎಂದು ಗೊತ್ತು. ನನ್ನ ಪಟ್ಟಿಯಲ್ಲಿ ಅದು ಹತ್ತನೆಯದು. ಜಗಳಕ್ಕೆ ಬರುವ ಮೊದಲು ಪೂರ್ತಿ ಓದು. 2006ರ ಡಿಸೆಂಬರ್ ಕೊನೆಯಲ್ಲಿ ಬಂದದ್ದು. ನೀನಾಗ ಸ್ಕೂಲಿನಲ್ಲಿದ್ದೆ, ದೇವದಾಸ ಮೊಲಕ್ಕಾಗಿ ಬಸ್ಸಿನಲ್ಲಿ ಅಳುತ್ತಾ ಬಂದಿದ್ದೆ. ಕಾಯ್ಕಿಣಿಯವರ "ಅನಿಸುತಿದೆ" ಹಾಡು ಇವತ್ತಿಗೂ ಹೊಸದು. ಕೃಷ್ಣ ಅವರ ಕ್ಯಾಮೆರಾ ಮಳೆಗಾಲದ ನಮ್ಮ ಬೆಳಕನ್ನು, ಆ ಬೂದು ಬೆರೆತ ಹಸಿರನ್ನು, ಸರಿಯಾಗಿ ಹಿಡಿದಿದೆ. ನಿನಗೆ ನಾಯಕ ಪ್ರೀತಂ ಇಷ್ಟ. ನನ್ನ ಕಣ್ಣು ಹೋದದ್ದು ನಾಯಕಿ ನಂದಿನಿಯ ಅಪ್ಪ, ಅನಂತನಾಗ್ ಮಾಡಿದ ಕರ್ನಲ್ ಸುಬ್ಬಯ್ಯನ ಕಡೆಗೆ. ಅಂಥ ರಿಟೈರ್ಡ್ ಮಿಲಿಟರಿಯವರು ಮಡಿಕೇರಿಯ ಯಾವ ಬೀದಿಯಲ್ಲೂ ಸಿಗುತ್ತಾರೆ. ಆದರೆ ಪ್ರೀತಂನನ್ನು ಬಿಟ್ಟು ನಂದಿನಿಯ ಜೊತೆ ನಡೆದು ನೋಡಿದೆ, ಅವಳ ಮನಸ್ಸಿನೊಳಗೆ ಹೋಗಲು ದಾರಿ ಬಹಳ ಕಡಿಮೆ. ಅದಕ್ಕೇ ಹತ್ತು. ಹತ್ತರೊಳಗೆ ಇದೆ ಎನ್ನುವುದನ್ನು ಮರೆಯಬೇಡ.

ಅದೇ ವಾರ "ದ್ವೀಪ"ವನ್ನೂ ನೋಡಿದೆ. ನಾ. ಡಿಸೋಜ ಅವರ ಕಾದಂಬರಿ, ಕಾಸರವಳ್ಳಿಯವರ ಚಿತ್ರ, ಸೌಂದರ್ಯ ತಾನೇ ನಿರ್ಮಿಸಿ ನಟಿಸಿದ್ದು. ಅಲ್ಲಿಯೂ ಮಳೆಯೇ ಮಳೆ. ಅಣೆಕಟ್ಟಿನ ನೀರು ಏರುತ್ತಾ ಬರುತ್ತದೆ, ಮನೆ ಬಿಡಲೊಲ್ಲದ ಸಂಸಾರ, ನೀರನ್ನೂ ಗಂಡನ ಅನುಮಾನವನ್ನೂ ಒಟ್ಟಿಗೆ ಎದುರಿಸುವ ನಾಗಿ. 2018ರ ಆಗಸ್ಟ್ ಆದ ಮೇಲೆ ನಮಗೆ ಮಳೆಯ ಸದ್ದು ಮೊದಲಿನ ಹಾಗೆ ಕೇಳಿಸುವುದಿಲ್ಲ, ಪುಟ್ಟೀ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ರಾತ್ರಿಗಳ ನಂತರ ಜೋರಾಗಿ ಹಿಡಿದರೆ ಎದ್ದು ಕೂರುವವರು ಈ ಜಿಲ್ಲೆಯಲ್ಲಿ ಎಷ್ಟೋ ಜನ. ಮನೆ, ತೋಟ, ದೈವದ ಕಲ್ಲು ಬಿಟ್ಟು ಬಾ ಎಂದರೆ ಹೇಗೆ ಬರುವುದು ಎನ್ನುವ ಆ ಪಟ್ಟು ನನಗೆ ಈಗ ಒಳಗಿನಿಂದ ಅರ್ಥವಾಗುತ್ತದೆ. ಮಳೆಯನ್ನು ಪ್ರೀತಿಗೆ ಪರದೆ ಮಾಡಿದ ಸಿನಿಮಾವನ್ನು, ಮಳೆಯ ಜೊತೆ ಬದುಕುವ ಹೆಂಗಸಿನ ಸಿನಿಮಾವನ್ನು ಎದುರುಬದುರು ಇಟ್ಟಾಗ ನನ್ನ ಕೈ ಎರಡನೆಯದಕ್ಕೇ ಹೋಯಿತು. ನಾಲ್ಕನೇ ಜಾಗ "ದ್ವೀಪ"ಕ್ಕೆ.

ಐದು "ಬೆಟ್ಟದ ಹೂವು". 1985. ಪುನೀತ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಕಾಡಿನ ಸೀತಾಳೆ ಹೂ ಹುಡುಕಿ ತಂದು ಮಾರಿ, ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಲು ಕಾಸು ಕೂಡಿಡುವ ಹುಡುಗ, ಕೊನೆಗೆ ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿ ತರುತ್ತಾನೆ. "ಬಿಸಿಲೇ ಇರಲಿ" ಹಾಡನ್ನು ಆ ಮಗುವೇ ಹಾಡಿದ್ದು. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡ ನಂತರ ಅದನ್ನು ಮೊದಲಿನಂತೆ ಕೇಳಲು ಯಾರಿಂದ ಸಾಧ್ಯ? ನನ್ನ ಕ್ಲಾಸಿನಲ್ಲಿ ಪುಸ್ತಕ ಬೇಕೆಂದು ಕೇಳಲು ಬಾಯಿ ಬಾರದೆ ನಿಂತ ತೋಟದ ಕೂಲಿಯವರ ಲೈನ್‌ಮನೆ ಮಕ್ಕಳು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು.

ಆರು "ಮುತ್ತಿನ ಹಾರ". ಕೊಡಗಿನವರೆಲ್ಲ ಇದಕ್ಕೆ ಒಂದನೇ ನಂಬರ್ ಕೊಡಬೇಕೆಂದು ನಿನ್ನ ಮಾವ ಹಟ ಹಿಡಿದಿದ್ದಾರೆ. 1990ರಲ್ಲಿ ರಾಜೇಂದ್ರಸಿಂಗ್ ಬಾಬು ಮಾಡಿದ್ದು, ವಿಷ್ಣುವರ್ಧನ್ ನಮ್ಮ ಸಿಪಾಯಿ ಅಚ್ಚಪ್ಪ. "ದೇವರು ಹೊಸೆದ ಪ್ರೇಮದ ದಾರ" ಎಂದು ಬಾಲಮುರಳಿಕೃಷ್ಣ ಹಾಡತೊಡಗಿದರೆ ನಾನು ಕೈಯಲ್ಲಿದ್ದ ಕೆಲಸ ಬಿಡುತ್ತೇನೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡಿನಲ್ಲಿ ಸಿಪಾಯಿಯ ಫೋಟೋ ಇಲ್ಲದ ಹಜಾರ ಕಡಿಮೆ. ಆ ಫೋಟೋದ ಕೆಳಗೆ ಕೂತಿರುವ ಹೆಂಗಸಿನ ಕಥೆ ಯಾರು ಹೇಳುತ್ತಾರೆ? ಸುಹಾಸಿನಿಯ ಅನ್ನಪೂರ್ಣೆಯಲ್ಲಿ ಅದು ಸ್ವಲ್ಪ ಸಿಗುತ್ತದೆ. ಇನ್ನಷ್ಟು ಸಿಕ್ಕಿದ್ದರೆ ಮೇಲೆ ಹೋಗುತ್ತಿತ್ತು, ಇದನ್ನು ಮಾವನಿಗೂ ಹೇಳಿದ್ದೇನೆ.

ಏಳು "ಎಡಕಲ್ಲು ಗುಡ್ಡದ ಮೇಲೆ", ಮುಖ್ಯವಾಗಿ ಜಯಂತಿಗಾಗಿ. ಇದರ ಕಾದಂಬರಿಕಾರ ಭಾರತೀಸುತ ನಮ್ಮ ಕೊಡಗಿನವರೇ. "ಬಯಲುದಾರಿ", "ಗಿರಿಕನ್ಯೆ", "ಹುಲಿಯ ಹಾಲಿನ ಮೇವು", ಇವೆಲ್ಲ ಅವರ ಕಥೆಗಳಿಂದಲೇ ಆದದ್ದು. ಕೊಡಗೆಂದರೆ ಹಾಡಿನ ಶೂಟಿಂಗಿಗೆ ಒಳ್ಳೆ ಜಾಗ ಎಂದಷ್ಟೇ ಬಂದು ಹೋಗುವವರ ನಡುವೆ ಇಲ್ಲಿನವರೊಬ್ಬರು ಇಷ್ಟು ಸಿನಿಮಾಗಳಿಗೆ ಕಥೆ ಕೊಟ್ಟರು ಎನ್ನುವುದು ನಿನ್ನ ಗೆಳೆಯರಿಗೂ ಗೊತ್ತಿರಲಿ. "ಹುಲಿಯ ಹಾಲಿನ ಮೇವು" ಹತ್ತರಲ್ಲಿ ಸೇರಲಿಲ್ಲ, ಆದರೂ ರಾಜ್‌ಕುಮಾರ್ ಅವರನ್ನು ಕೊಡವ ಉಡುಪಿನಲ್ಲಿ ನೋಡುವ ಸಂತೋಷಕ್ಕೆ ಪೂರ್ತಿ ನೋಡಿದೆ.

ಎಂಟಕ್ಕೆ "ಭೂತಯ್ಯನ ಮಗ ಅಯ್ಯು", ಒಂಬತ್ತಕ್ಕೆ "ತಿಥಿ". ಇವೆರಡು ನಾಲ್ಕು ಸಲ ಅದಲು ಬದಲಾದವು. ಬರೆಯುವುದಕ್ಕಿಂತ ನೀನು ಬಂದಾಗ ಮಾತಾಡೋಣ. ಮಂಡ್ಯದ ಹಳ್ಳಿಯವರೇ ನಟಿಸಿದ "ತಿಥಿ"ಯ ಗಡ್ಡಪ್ಪನ ಬಗ್ಗೆ ಅಪ್ಪನಿಗೂ ಹೇಳುವುದು ಬಹಳ ಇದೆ. "ಬಂಗಾರದ ಮನುಷ್ಯ" ಎಲ್ಲಿ ಎಂದು ಕೇಳುತ್ತೀ. ಹನ್ನೊಂದನೆಯದು. ಅಜ್ಜಿಗೆ ಹೇಳಬೇಡ.

ಈಗ ನಿನ್ನ ಸರದಿ. ನಿನ್ನ ಪಟ್ಟಿ ಕಳಿಸು, ಆದರೆ ಮತ್ತೊಮ್ಮೆ ನೋಡಿಯೇ ಬರೆಯಬೇಕು, ಹಾಡು ಓಡಿಸುವಂತಿಲ್ಲ. ಕೈಲ್ ಪೋಳ್ದ್ ಹಬ್ಬಕ್ಕೆ ರಜೆ ಹಾಕಿ ಬರುವಾಗ "ತಿಥಿ"ಯ ಒಳ್ಳೆಯ ಪ್ರತಿ ಪೆನ್‌ಡ್ರೈವಿನಲ್ಲಿ ತಾ. ಮತ್ತೆ, "ಘಟಶ್ರಾದ್ಧ"ದ ಹಳೆಯ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರಲ್ಲ, ಅದು ಬೆಂಗಳೂರಿನಲ್ಲಿ ಎಲ್ಲಾದರೂ ದೊಡ್ಡ ಪರದೆಗೆ ಬಂದರೆ ಎರಡು ದಿನ ಮೊದಲೇ ತಿಳಿಸು. ಅಪ್ಪನನ್ನೂ ಹೊರಡಿಸಿಕೊಂಡು ರಾತ್ರಿ ಬಸ್ಸಿಗೆ ಬರುತ್ತೇನೆ. ಮೂರು ಟಿಕೆಟ್ ತೆಗೆದಿಡು.

ಪ್ರೀತಿಯಿಂದ,
ಅಮ್ಮ