ಹೆಚ್-1ಬಿ ವೀಸಾದವರ ಮನೆ ಸಾಲ

ಸಂಪಾದಕರೇ ನಮಸ್ಕಾರ,

ಅಮೆರಿಕದಲ್ಲಿ ಹೆಚ್-1ಬಿ ವೀಸಾದಲ್ಲಿರೋ ನಮ್ಮೋರಿಗೆ ಇನ್ಮೇಲೆ ಮನೆ ಸಾಲಾನೇ ಸಿಗಲ್ವಂತೆ ಅಂತ ಸುದ್ದಿ, ಮಗ ಟೆಕ್ಸಾಸ್‌ನಲ್ಲಿರೋದ್ರಿಂದ ನಮ್ಮನೇಲಿ ನೆಂಟರ ಫೋನು ನಿಂತೇ ಇಲ್ಲ. ನಿಜವಾಗ್ಲೂ ಅವರಿಗೆ ಸಿಗೋದು ನಿಂತಿರೋದು ಎಫ್‌ಹೆಚ್‌ಎ ಅನ್ನೋ ಸರ್ಕಾರಿ ಇನ್ಶೂರೆನ್ಸ್ ಇರೋ ಸಾಲ ಮಾತ್ರ, 2025ರ ಮೇ 25ರಿಂದ. ಅದ್ರಲ್ಲಿ ಕ್ರೆಡಿಟ್ ಸ್ಕೋರ್ 580 ಇದ್ರೆ ಕೈಯಿಂದ ಹಾಕ್ಬೇಕಿದ್ದದ್ದು ಮನೆ ಬೆಲೇಲಿ ಬರೀ 3.5 ಪರ್ಸೆಂಟ್, ಹೊಸದಾಗಿ ಹೋದೋರಿಗೆ ಅದೇ ಆಸರೆಯಾಗಿತ್ತು, ಹೋಯ್ತಲ್ಲ ಅನ್ನೋ ಬೇಜಾರು ನಿಜ. ಆದ್ರೆ ಕನ್ವೆನ್ಷನಲ್ ಲೋನ್, ಅಂದ್ರೆ ಸರ್ಕಾರಿ ಇನ್ಶೂರೆನ್ಸ್ ಇಲ್ಲದ ಮಾಮೂಲಿ ಸಾಲ, ಇನ್ನೂ ಇದೆ, ಸಂಬಳ ಎಷ್ಟು, ವೀಸಾ ಎಷ್ಟು ದಿನ ಉಳ್ದಿದೆ ಅಂತೆಲ್ಲ ಒಂದೊಂದು ಬ್ಯಾಂಕು ಒಂದೊಂದು ಥರ ಕೇಳುತ್ತೆ ಅಷ್ಟೇ. ಮೂರು ವರ್ಷದ ವೀಸಾ ನಂಬ್ಕೊಂಡು ಮೂವತ್ತು ವರ್ಷದ ಸಾಲ, ನಂಗಂತೂ ಎದೆ ಢವಢವ ಅನ್ನುತ್ತೆ ಬಿಡಿ. ಸುದ್ದಿ ಹಾಕೋವಾಗ ಯಾವ ಸಾಲ ಅಂತ ಒಂದ್ ಲೈನ್ ಸೇರ್ಸಿ ಸ್ವಾಮಿ.

- ಒಬ್ಬ ಓದುಗ, ಮೈಸೂರು