ಗ್ರಾನೈಟ್ ಎಂದು ಮಾರಿದ ಕೊಡೆಯ ಬೇಸ್ ಕೆಂಡ ಬಿದ್ದು ಹೊಗೆಯಾಡಿದ ಬಗ್ಗೆ ದೂರು

ದಿನಾಂಕ: 3 ಫೆಬ್ರವರಿ 2025
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು

ವಿಷಯ: ಅಂಗಳದ ಕೊಡೆಯ ಕಲ್ಲಿನ ಬೇಸ್ ಕಲ್ಲೇ ಅಲ್ಲದಿರುವುದು, ಹಣ ವಾಪಸ್ ಮಾಡುವ ಬಗ್ಗೆ

ಮಾನ್ಯರೇ,

ಕಳೆದ ನವೆಂಬರ್‌ನಲ್ಲಿ ನಿಮ್ಮ ವೆಬ್‌ಸೈಟಿನಿಂದ ಅಂಗಳದ ದೊಡ್ಡ ಕೊಡೆಗೆ ಒಂದು ದುಂಡನೆಯ ಬೇಸ್ ತರಿಸಿದ್ದೆ. 6,490 ರೂಪಾಯಿ ಕೊಟ್ಟಿದ್ದೇನೆ. 'ಅಪ್ಪಟ ಗ್ರಾನೈಟ್, 25 ಕೆಜಿ, 800 ಡಿಗ್ರಿವರೆಗೆ ಬೆಂಕಿ ನಿರೋಧಕ' ಎಂದು ನೀವು ಬರೆದಿದ್ದಿರಿ. ಚಿತ್ರದಲ್ಲಿ ಕೊಡೆಯ ಪಕ್ಕದಲ್ಲೇ ಬೆಂಕಿಯ ಬಾಣಲೆ ಇಟ್ಟುಕೊಂಡು ಒಂದು ಕುಟುಂಬ ಕೂತಿತ್ತು. ನಮ್ಮ ಕಡೆ ಚಳಿಗಾಲದ ಸಂಜೆ ಅಂದರೆ ಹಾಗೇ. ಅದನ್ನು ನೋಡಿಯೇ ಕೊಂಡೆ.

ಸಂಕ್ರಾಂತಿಯ ಸಂಜೆ ಅಂಗಳದಲ್ಲಿ ಅಗ್ಗಿಷ್ಟಿಕೆ ಹಾಕಿ ಗೆಣಸು ಸುಡುತ್ತಿದ್ದೆವು. ಮೊಮ್ಮಗ ಓಡಿ ಬಂದು ಎಡವಿದ. ಅಗ್ಗಿಷ್ಟಿಕೆ ವಾಲಿ ಒಂದೆರಡು ಬೊಗಸೆಯಷ್ಟು ಕೆಂಡ ಬೇಸಿನ ಮೇಲೆ ಚೆಲ್ಲಿತು. ಅದು ನಮ್ಮದೇ ತಪ್ಪು, ಒಪ್ಪಿದೆ. ಮಗುವಿಗೆ ಏನೂ ಆಗಲಿಲ್ಲ. ಎಲ್ಲರೂ ಮೊದಲು ಅವನನ್ನು ನೋಡಿದೆವು. ಕೆಂಡ ಕಲ್ಲಿನ ಮೇಲೆ ತಾನೇ ಬಿದ್ದದ್ದು, ಏನಾಗುತ್ತೆ ಅಂತ ಸುಮ್ನಿದ್ದೆವು.

ಎರಡು ನಿಮಿಷ ಆಗಿರಬೇಕು, ಬೇಸಿನಿಂದ ಕಪ್ಪು ಹೊಗೆ ಎದ್ದಿತು. ಟೈರ್ ಸುಟ್ಟಂಥ ವಾಸನೆ. ಮೇಲ್ಮೈ ಗುಳ್ಳೆ ಎದ್ದು ಕರಿಕಾಯಿತು. ಕೊಡೆಯ ಪೈಪ್ ನಿಲ್ಲಿಸುವ ಉಕ್ಕಿನ ಕೊಳವೆಯ ಸುತ್ತ ಮೆತ್ತಗಾಗಿ, ಕೊಳವೆ ಸಡಿಲವಾಗಿ, ಮಡಚಿಟ್ಟಿದ್ದ ಕೊಡೆ ಬಟ್ಟೆ ಸಮೇತ ಕೆಂಡದ ಕಡೆಗೇ ವಾಲಿತು. ನನ್ನ ಗಂಡ ಹಿಡಿದುಕೊಂಡರು. ಅವರು ಅಲ್ಲಿಲ್ಲದಿದ್ದರೆ ಅದು ಬೀಳುತ್ತಿದ್ದದ್ದು ನಮ್ಮ ಅತ್ತೆಯ ಕುರ್ಚಿಯ ಮೇಲೆ. ಅತ್ತೆಗೆ 84 ವರ್ಷ. ಅವರು ಹೇಳಿದ್ದು ಒಂದೇ ಮಾತು: "ಕಲ್ಲು ಎಲ್ಲಾದ್ರೂ ಹೊಗೆ ಬಿಡುತ್ತೇನೇ?"

ಇದನ್ನೆಲ್ಲ ಫೋಟೊ ಸಮೇತ ಜನವರಿ 16ರಂದು ನಿಮಗೆ ಬರೆದೆ. ಎಂಟು ದಿನ ಬಿಟ್ಟು ಉತ್ತರ ಬಂತು. 'ನೈಸರ್ಗಿಕ ಕಲ್ಲು ಬೆಂಕಿಗೆ ಬಿರುಕು ಬಿಡುವುದು ಸಹಜ, ಇದು ತಪ್ಪು ಬಳಕೆ, ವಾರಂಟಿ ಅನ್ವಯಿಸುವುದಿಲ್ಲ' ಎಂದಿದ್ದೀರಿ. ಆ ಉತ್ತರ ಓದಿದ ಮೇಲೆಯೇ ನನಗೆ ನಿಜವಾಗಿ ಸಿಟ್ಟು ಬಂದದ್ದು. ಬಿರುಕು ಬಿಟ್ಟಿದೆ ಅಂತ ನಾನು ಬರೆದೇ ಇಲ್ಲ. ಹೊಗೆ ಬಂತು, ಮೆತ್ತಗಾಯಿತು ಅಂತ ಬರೆದಿದ್ದೆ.

ಕಲ್ಲು ಬೆಂಕಿಗೆ ಏನು ಮಾಡುತ್ತದೆ ಅಂತ ನಮಗೆ ಗೊತ್ತು. ಹಳ್ಳದಿಂದ ತಂದ ಹಸಿ ಕಲ್ಲನ್ನು ಒಲೆಗೆ ಹೂಡಬಾರದು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಹಿಂದೆ ಬಂಡೆ ಒಡೆಯುವವರು ಮೇಲೆ ಸೌದೆ ಉರಿಸಿ ಬಂಡೆಯನ್ನು ಸೀಳಿಸುತ್ತಿದ್ದರು. ಕೆಲವು ಕಡೆ ನೆಲಕ್ಕೆ ಹಾಸುವ ಒರಟು ಗ್ರಾನೈಟ್ ಇರುತ್ತದಲ್ವಾ, ಫ್ಲೇಮ್ಡ್ ಅನ್ನುತ್ತಾರೆ, ಅದಕ್ಕೂ ಗ್ಯಾಸ್ ಜ್ವಾಲೆ ಹಾಯಿಸಿ ಮೇಲಿನ ಹರಳುಗಳನ್ನು ಸಿಡಿಸಿರುತ್ತಾರೆ. ಬಿರುಕು, ಚಕ್ಕೆ ಏಳುವುದು, ಸಿಡಿಯುವುದು, ಇದೆಲ್ಲ ಕಲ್ಲಿನ ಗುಣ. ನಮ್ಮ ಬಚ್ಚಲ ಹಂಡೆ ಒಲೆಯ ಕಲ್ಲು ದಿನಾ ಬೆಂಕಿ ನೋಡುತ್ತದೆ. ಕಪ್ಪಾಗಿದೆ, ಒಂದು ಮೂಲೆ ಹಾರಿದೆ. ಆದರೆ ಅದು ಯಾವತ್ತೂ ಮೆತ್ತಗಾಗಿಲ್ಲ.

ಹಾಗಾಗಿ ನಾನೇ ಪರೀಕ್ಷೆ ಮಾಡಿದೆ. ನಿಮ್ಮ ಬೇಸಿನ ಅಗಲ 45 ಸೆಂಟಿಮೀಟರ್, ದಪ್ಪ 6, ನಡುವಿನ ತೂತು 5. ಲೆಕ್ಕ ಹಾಕಿದರೆ ಸುಮಾರು 9,425 ಘನ ಸೆಂಟಿಮೀಟರ್. ಗ್ರಾನೈಟ್ ಒಂದು ಘನ ಸೆಂಟಿಮೀಟರಿಗೆ ಹೆಚ್ಚುಕಮ್ಮಿ 2.7 ಗ್ರಾಂ ತೂಗುತ್ತದೆ. ಅಂದರೆ ಇದು 25 ಕೆಜಿಗೆ ಸ್ವಲ್ಪ ಮೇಲೇ ಇರಬೇಕು. ಕಾಫಿ ತೂಗುವ ತಕ್ಕಡಿಯಲ್ಲಿ ಇಟ್ಟೆ. ಉಕ್ಕಿನ ಕೊಳವೆ ತೆಗೆದ ಮೇಲೆ 19 ಕೆಜಿ 800 ಗ್ರಾಂ. ನಿಮ್ಮ ಪುಟದಲ್ಲಿರುವ 25 ಕೆಜಿ ಗ್ರಾನೈಟಿನ ಲೆಕ್ಕಕ್ಕೆ ಸರಿಯಾಗಿದೆ, ನೀವು ಕಳಿಸಿದ ವಸ್ತುವಿಗೆ ಸರಿಯಾಗಿಲ್ಲ!

ಅಡಿ ಮಗುಚಿ ನೋಡಿದೆ. ಇಡ್ಲಿಯಲ್ಲಿ ಇರುವಂಥ ಸಣ್ಣ ಗಾಳಿತೂತುಗಳು, ಅಂಚಿನಲ್ಲಿ ಅಚ್ಚಿನ ಗೆರೆ. ಗರಗಸದಲ್ಲಿ ಕೊಯ್ದ ಕಲ್ಲಿಗೆ ಅಚ್ಚಿನ ಗೆರೆ ಎಲ್ಲಿಂದ ಬರಬೇಕು? ಕೊನೆಗೆ ಪಿನ್ ಒಂದನ್ನು ಕೆಂಪಗೆ ಕಾಯಿಸಿ ಒತ್ತಿದೆ. ಗುಳಿ ಬಿತ್ತು, ಮತ್ತೆ ಅದೇ ಪ್ಲಾಸ್ಟಿಕ್ ವಾಸನೆ. ಅಡುಗೆಮನೆ ಕಟ್ಟೆಯಿಂದ ಉಳಿದಿದ್ದ ಗ್ರಾನೈಟ್ ತುಂಡಿಗೂ ಹಾಗೇ ಮಾಡಿದೆ. ಏನೂ ಆಗಲಿಲ್ಲ. ನೀವು ಕಳಿಸಿದ್ದು ಕಲ್ಲುಪುಡಿಯನ್ನು ರಾಳದಲ್ಲಿ, ಅಂದರೆ ರೆಸಿನ್ ಅನ್ನುವ ಪ್ಲಾಸ್ಟಿಕ್ ಅಂಟಿನಲ್ಲಿ, ಕಲಸಿ ಅಚ್ಚಿಗೆ ಹೊಯ್ದದ್ದು. ಮೇಲೆ ಗ್ರಾನೈಟಿನ ಚುಕ್ಕೆ ಕಾಣುವ ಹಾಗೆ ಬಣ್ಣ.

ರಾಳದ ಬೇಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಗುರ, ಅಗ್ಗ, ಬೆಂಕಿ ಹಾಕದವರಿಗೆ ಅದೇ ಸಾಕು. ರಾಳ ಅಂತ ಹೇಳಿ, ರಾಳದ ಬೆಲೆಗೆ ಮಾರಿ, 'ಬೆಂಕಿಯಿಂದ ದೂರ ಇಡಿ' ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಅಷ್ಟು ಬರೆದಿದ್ದರೆ ನಾನು ಅಗ್ಗಿಷ್ಟಿಕೆಯನ್ನು ಅಂಗಳದ ಆ ತುದಿಗೆ ಇಡುತ್ತಿದ್ದೆ.

ಇನ್ನು ಆ 800 ಡಿಗ್ರಿ ಮಾತು. ನಿಜವಾದ ಗ್ರಾನೈಟ್ ಮಾರುವವರೂ ಅದನ್ನು ಬರೆಯಬಾರದು. ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ಹರಳಿನ ರೂಪ ಬದಲಿಸಿ ಒಮ್ಮೆಲೇ ಹಿಗ್ಗುತ್ತದೆ. ಕಲ್ಲು ಒಳಗೊಳಗೇ ಬಿರಿಯುತ್ತದೆ. ಕಲ್ಲು ಹೊತ್ತಿ ಉರಿಯುವುದಿಲ್ಲ, ಆದರೆ ಒಡೆಯುತ್ತದೆ. ಇವೆರಡೂ ಬೇರೆ ಬೇರೆ ವಿಷಯ. ನಿಮ್ಮ ಪುಟ ಎರಡನ್ನೂ ಕಲಸಿ ಹಾಕಿದೆ.

ನನಗೆ ಬೇಕಾದದ್ದು ಇಷ್ಟು. 6,490 ರೂಪಾಯಿ ಪೂರ್ತಿ ವಾಪಸ್ ಬರಬೇಕು. ಬದಲಿ ಬೇಸ್ ಕಳಿಸುತ್ತೇವೆ ಅನ್ನಬೇಡಿ, ಅದೇ ಮಾಲು ಇನ್ನೊಂದು ಬಂದು ಏನು ಪ್ರಯೋಜನ? ಪುಟದಿಂದ 'ಗ್ರಾನೈಟ್', 'ಬೆಂಕಿ ನಿರೋಧಕ' ಎರಡೂ ಹೋಗಬೇಕು, ಆ ಬೆಂಕಿ ಬಾಣಲೆಯ ಚಿತ್ರವೂ. ಇದೇ ಬೇಸ್ ಕೊಂಡಿರುವ ಉಳಿದವರಿಗೆ ಒಂದು ಎಚ್ಚರಿಕೆಯ ಸಂದೇಶ ಕಳಿಸಿ. ನನಗೆ ಹಣಕ್ಕಿಂತ ಇದು ಮುಖ್ಯ. ಅವರ ಮನೆಯಲ್ಲೂ ಮಕ್ಕಳು ಇರುತ್ತಾರೆ.

ಆನ್‌ಲೈನ್ ವ್ಯಾಪಾರದ 2020ರ ನಿಯಮಗಳ ಪ್ರಕಾರ ದೂರು ತಲುಪಿದೆ ಅಂತ ನೀವು 48 ಗಂಟೆಯೊಳಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು, ಆ ಗಡುವು ಫೆಬ್ರವರಿ 16ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ.

ಬೇಸನ್ನು ಎಸೆದಿಲ್ಲ. ಕೊಟ್ಟಿಗೆಯಲ್ಲಿ ತಕ್ಕಡಿಯ ಪಕ್ಕದಲ್ಲೇ ಇದೆ. ನಿಮ್ಮವರು ಯಾವಾಗ ಬೇಕಾದರೂ ಬಂದು ತೂಗಿ ನೋಡಬಹುದು. ಪಿನ್ ನಾನೇ ಕಾಯಿಸಿ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ಲಿನ ಪ್ರತಿ, ನಿಮ್ಮ ಪುಟದ ಚಿತ್ರ, ಬೇಸಿನ ಆರು ಫೋಟೊ, ತಕ್ಕಡಿಯ ಫೋಟೊ, ಜನವರಿ 24ರ ನಿಮ್ಮ ಉತ್ತರ